ಅಟ್ಟದ ಕಾಗದಗಳನ್ನು ಒಲೆಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆಯು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾದಾಗ, ಕಾಗದ ಬರೆಯುವ ಕಾಲವೇ ಮುಗಿಯಿತೆಂದು ಹಲವರು ಮರುಗಿದರು. ಐವತ್ತು ಪೈಸೆಗೆ ಕಾರ್ಡು, ಎರಡೂವರೆ ರೂಪಾಯಿಗೆ ಇನ್‌ಲ್ಯಾಂಡ್ ಪತ್ರ ಮಾರುತ್ತ ಬಂದ ಅಂಚೆ ಇಲಾಖೆಯನ್ನು ನಾವು ಬರೆಯದಿದ್ದುದಕ್ಕೆ ದೂರುವುದು ತರವಲ್ಲ. ನನ್ನ ಕಳವಳವಿರುವುದು ಈಗಾಗಲೇ ಬರೆದಿಟ್ಟ ಕಾಗದಗಳ ಬಗ್ಗೆ. ಮಲೆನಾಡಿನ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುವಾಗ, ಕೊಕ್ಕೆತಂತಿಗೆ ಚುಚ್ಚಿಟ್ಟಿದ್ದ ಕಾಗದದ ಕಂತೆ ಎಲ್ಲಕ್ಕಿಂತ ಮೊದಲು ಬಚ್ಚಲೊಲೆ ಸೇರುತ್ತಿದೆ.

ಹಿಂದಿನವರ ಕಾಗದಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ: ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರ, ಉಭಯಕುಶಲೋಪರಿ, ಮಳೆ, ಅಡಿಕೆ, ಕೊಟ್ಟಿಗೆಯ ಸಮಾಚಾರ. ಬರೆದವರ ಸ್ವಂತದ್ದೆಂಬುದು ಅಕ್ಷರದಲ್ಲಿತ್ತು. ನಮ್ಮ ಮನೆಯಲ್ಲಿ ಉಳಿದಿರುವ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ, ಘಟ್ಟದ ಕೆಳಗಿನ ಊರಿಗೆ ಮದುವೆಯಾಗಿ ಹೋದ ಸೋದರತ್ತೆಯವರು ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ದುಂಡಗೆ ಬರೆದು ಮುಗಿಸಿ, ಆಮೇಲೆ ಮಡಿಕೆಯ ಅಂಚಿನಲ್ಲಿ, ಕಾಗದವನ್ನು ಅಡ್ಡ ತಿರುಗಿಸಿಕೊಂಡು, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಒತ್ತಕ್ಷರ ಬಿಟ್ಟು, ‘ಹಬ್ಬಕೆ ಅಣ್ಣನ್ನ ಕಳಸಿ’ ಎಂದು ಸೇರಿಸಿದ್ದಾರೆ. ಹೇಳಬೇಕಾಗಿದ್ದ ಮಾತು ಅಂಚಿನಲ್ಲಿದ್ದದ್ದೇ ಎಂಬುದನ್ನು ಅಜ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊಬೈಲಿನಲ್ಲಿ ಈ ಎರಡು ಸಾಲುಗಳೂ ಒಂದೇ ಗಾತ್ರದಲ್ಲಿ, ಒಂದರ ಕೆಳಗೊಂದು ಬಂದು ಕೂರುತ್ತವೆ. ಅಕ್ಷರ ಬಾರದವರು ಮೇಷ್ಟರಿಂದಲೋ ಅಂಚೆಯಣ್ಣನಿಂದಲೋ ಬರೆಸುತ್ತಿದ್ದರು. ಅಂಥ ಕಾಗದಗಳಲ್ಲಿ ಮೇಷ್ಟರ ಗ್ರಾಂಥಿಕ ಭಾಷೆಯ ನಡುವೆ ಹೇಳಿದವರ ಮನೆಮಾತು ಇಣುಕುವುದನ್ನು ಓದುವುದೇ ಒಂದು ಸೊಗಸು.

ಅರಸರ ಕಾಲದ ತಾಳೆಗರಿಗಳಿಗೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಕ್ಕಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಣ್ಣುಮಗಳ ಕೈಬರಹವೂ ಈ ಸೀಮೆಯ ದಾಖಲೆಯೇ ಅಲ್ಲವೇ? ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಚದುರಿಹೋದ ಆ ಕುಟುಂಬಗಳ ಓಲೆಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅವುಗಳ ಬೆಲೆ ಕಟ್ಟಲಾಗದು. ಕುವೆಂಪು ವಿಶ್ವವಿದ್ಯಾಲಯವೋ ಜಿಲ್ಲಾ ಗ್ರಂಥಾಲಯವೋ ಮುಂದೆ ಬಂದು, ಮನೆಯವರ ಒಪ್ಪಿಗೆ ಪಡೆದು, ಖಾಸಗಿ ವಿವರಗಳನ್ನು ಕಾಪಾಡಿ, ಇವನ್ನು ಸ್ಕ್ಯಾನ್ ಮಾಡಿ ಮೂಲಪ್ರತಿಯನ್ನು ಹಿಂದಿರುಗಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಅಲ್ಲಿಯವರೆಗೆ ಮನೆಯವರು ಮಳೆಗಾಲಕ್ಕೆ ಮೊದಲೇ ತುಕ್ಕು ಹಿಡಿದ ತಂತಿಯಿಂದ ಕಾಗದಗಳನ್ನು ಬಿಡಿಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಕಾಗದದ ಲಕೋಟೆಯಲ್ಲಿ ಇಟ್ಟರೆ ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಆಷಾಢದ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

– ನಿವೃತ್ತ ಶಿಕ್ಷಕಿ, ಸಾಗರ