ಪಿ.ಇ. ಮಾರ್ಕು ಹಾಕುವ ಮೊದಲು ಹಿಂದಿನ ಪುಟ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ತಂಗಿಯ ಮಗಳು ಮನೆಗೆ ಬಂದಿದ್ದಳು. ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳು ಬರುತ್ತಾಳೆ ಅಂತ ಬನ್ಸ್ ಮಾಡಿದ್ದೆವು. ಯಾವಾಗಲೂ ಮೂರು ತಿನ್ನುವವಳು ಒಂದು ತಿಂದು ಸಾಕು ಅಂದಳು. ಏನಾಯ್ತು ಅಂತ ಕೇಳಿದರೆ ನನಗೆ ಹೇಳಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅವಳ ಅತ್ತೆಯ ಹತ್ತಿರ ಹೇಳಿದಳಂತೆ. ಕಾಲೇಜಿನ ಪಿ.ಇ., ಅಂದರೆ ದೈಹಿಕ ಶಿಕ್ಷಣದ ಕ್ಲಾಸಿನಲ್ಲಿ ಫಿಟ್‌ನೆಸ್ ಟೆಸ್ಟ್ ಇತ್ತು. ಒಬ್ಬೊಬ್ಬರನ್ನೇ ತೂಕದ ಮಿಷನ್ ಮೇಲೆ ನಿಲ್ಲಿಸಿ ತೂಕ ಕೂಗುವುದು, ಆಚೆ ಬೆಂಚಿನಲ್ಲಿ ಕೂತ ಹುಡುಗ ಅದನ್ನು ಬರೆದುಕೊಳ್ಳುವುದು. ಇವಳದ್ದು ಕೂಗಿದಾಗ ಅವನಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಮ್ಮೆ ಕೂಗಿದರಂತೆ.

ಆ ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ. ಯಾಕೆಂದರೆ ನಾನೂ 29 ವರ್ಷ ಕಾಲೇಜಿನಲ್ಲಿ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿದ್ದವನು, ಹೀಗೆಯೇ ತೂಕ ಕೂಗಿದವನು, ಅದರಲ್ಲಿ ಏನೋ ತಪ್ಪಿದೆ ಅಂತ ಆಗ ತಲೆಗೇ ಬಂದಿರಲಿಲ್ಲ.

ಒಂದು ತಪ್ಪು ಮಾತ್ರ ಇವತ್ತಿಗೂ ಮರೆತಿಲ್ಲ. ಹೆಬ್ರಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ. ದಪ್ಪ ಕನ್ನಡಕ. ಶೂ ಇರಲಿಲ್ಲ, ಬರಿಗಾಲಲ್ಲೇ ಓಡುತ್ತಿದ್ದ. ವರ್ಷದ ಮೊದಲು 12 ನಿಮಿಷದ ಓಟ ಇಟ್ಟಾಗ 1,500 ಮೀಟರ್ ಮಾಡಿದ, ಅದರಲ್ಲಿ ಅರ್ಧ ನಡೆದದ್ದೇ. ವರ್ಷದ ಕೊನೆಗೆ ಅದೇ ಗ್ರೌಂಡಿನಲ್ಲಿ 1,900 ಮಾಡಿದ. ನಮ್ಮದು 200 ಮೀಟರಿನ ಟ್ರ್ಯಾಕ್, ಅಂದರೆ ಪೂರ್ತಿ ಎರಡು ರೌಂಡು ಜಾಸ್ತಿ. ನಾನು ಪಟ್ಟಿ ನೋಡಿದೆ. ಆ ವಯಸ್ಸಿನ ಹುಡುಗರು 2,300 ಮೀಟರಿಗಿಂತ ಕಡಿಮೆ ಓಡಿದರೆ ಕಳಪೆ ಅಂತ ಅದರಲ್ಲಿತ್ತು. ಹತ್ತರಲ್ಲಿ ನಾಲ್ಕು ಹಾಕಿದೆ. ಅದೇ ಬ್ಯಾಚಿನ ಫುಟ್‌ಬಾಲ್ ಟೀಮಿನವನು ಮೊದಲು 2,800 ಓಡಿದ್ದ, ಕೊನೆಗೆ 2,750. ಇಡೀ ವರ್ಷ ನನ್ನ ಕ್ಲಾಸಿಗೆ ಬಂದದ್ದೂ ಅಷ್ಟಕ್ಕಷ್ಟೇ. ಅವನಿಗೆ ಒಂಬತ್ತು.

ಹೆಬ್ರಿಯ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, 'ಸರ್, ಹಿಂದಿನ ಪುಟದಲ್ಲಿ ನನ್ನದು ಎಷ್ಟು ಉಂಟು ನೋಡಿ' ಅಂದ. ನೋಡಿದೆ. ಪುಸ್ತಕ ಮುಚ್ಚಿದೆ. 'ಪಟ್ಟಿ ಹಾಗೆ ಉಂಟು ಮಾರಾಯ, ನಾನೇನು ಮಾಡಲಿ' ಅಂದೆ. ಮಾರ್ಕು ಬದಲಿಸಲಿಲ್ಲ.

ಈ ಪಟ್ಟಿ ಎಲ್ಲಿಂದ ಬಂತು ಅಂತ ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು ಬಿಡಿ. 12 ನಿಮಿಷದ ಓಟವನ್ನು ಕೆನ್ನೆತ್ ಕೂಪರ್ ಎಂಬ ಡಾಕ್ಟರು 1968ರಲ್ಲಿ ಪ್ರಕಟಿಸಿದ್ದು, ಅಮೆರಿಕದ ವಾಯುಪಡೆಯ ಗಂಡಸರನ್ನು ಓಡಿಸಿ ನೋಡಿ. ದೇಹ ಎಷ್ಟು ಆಮ್ಲಜನಕ ಬಳಸಿಕೊಳ್ಳುತ್ತದೆ ಅಂತ ಲ್ಯಾಬ್ ಇಲ್ಲದೆ ಅಂದಾಜು ಮಾಡುವುದು ಅವರ ಉದ್ದೇಶ. ಓಡಿದ ಮೀಟರಿನಲ್ಲಿ 504.9 ಕಳೆದು 44.73ರಿಂದ ಭಾಗಿಸಿದರೆ ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ಅಂತ ಸಿಗುತ್ತದೆ. ನಮ್ಮ ಹುಡುಗನ ಲೆಕ್ಕ ಹಾಕಿದರೆ ಮೊದಲು 22, ಕೊನೆಗೆ 31. ಇದು ಅಂದಾಜು ಅಷ್ಟೇ, ಆದರೂ ಎಷ್ಟು ದೊಡ್ಡ ಏರಿಕೆ ನೋಡಿ. ಅವನು ಬಸ್ಸಿಳಿದು ಮನೆಗೆ ಗುಡ್ಡ ಹತ್ತುವಾಗ ಅದು ಅವನ ಕಾಲಿಗೆ ಗೊತ್ತಾಗಿರಬೇಕು. ನನ್ನ ಪುಸ್ತಕಕ್ಕೆ ಮಾತ್ರ ಗೊತ್ತಾಗಲಿಲ್ಲ.

ಆ ಏರಿಕೆಯೆಲ್ಲ ದೇಹದ್ದೇ ಅಂತಲೂ ಅಲ್ಲ. ಮೊದಲ ಸಲ ಓಡುವವರೆಲ್ಲ ಒಂದನೇ ರೌಂಡನ್ನು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಾರೆ, ಮೂರನೇ ರೌಂಡಿಗೆ ಸೊಂಟ ಹಿಡಿದು ನಿಲ್ಲುತ್ತಾರೆ. ಎರಡನೇ ಸಲ ಬುದ್ಧಿ ಬಂದಿರುತ್ತದೆ. ಫಿಟ್‌ನೆಸ್ ಅಷ್ಟೇ ಇದ್ದರೂ ದೂರ ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲು ಒಂದು ಸಲ ಸುಮ್ನೆ ಓಡಿಸಬೇಕು, ಬರೆದುಕೊಳ್ಳಬಾರದು. ಒಂದು ವಾರ ಬಿಟ್ಟು ಓಡಿಸಿದ್ದನ್ನು ಬರೆದುಕೊಳ್ಳಬೇಕು.

ಮರುವರ್ಷ ನಾನು ಪಶ್ಚಾತ್ತಾಪದಲ್ಲಿ ಇನ್ನೊಂದು ತುದಿಗೆ ಹೋದೆ. ಎಷ್ಟು ಓಡಿದಿರಿ ಅಂತ ನೋಡುವುದಿಲ್ಲ, ಎಷ್ಟು ಸುಧಾರಿಸಿದಿರಿ ಅನ್ನುವುದಕ್ಕೆ ಮಾರ್ಕು ಅಂತ ಕ್ಲಾಸಿನಲ್ಲಿ ಹೇಳಿದೆ. ದೊಡ್ಡ ನ್ಯಾಯವಂತನ ಹಾಗೆ. ಮೊದಲ ಟೆಸ್ಟಿನ ದಿನ ನೋಡಬೇಕಿತ್ತು ನೀವು. ಇಡೀ ಕ್ಲಾಸು ರಥಬೀದಿಯಲ್ಲಿ ಸಂಜೆ ತಿರುಗಾಡಲು ಹೊರಟ ಹಾಗೆ ಹರಟೆ ಹೊಡೆಯುತ್ತಾ ನಡೆಯಿತು. ಜಿಲ್ಲಾ ಮಟ್ಟದಲ್ಲಿ ಓಡಿದ ಹುಡುಗಿಗೂ ಆ ದಿನ ಕಾಲುನೋವು. ಮೊದಲು ಕಡಿಮೆ ಮಾಡಿದರೆ ಕೊನೆಗೆ ಜಾಸ್ತಿ ಅಲ್ವಾ? ಮಕ್ಕಳು ನನಗಿಂತ ಜಾಣರು. ಅದೂ ಅಲ್ಲದೆ ಮೊದಲೇ ಫಿಟ್ ಇದ್ದವರು ಎಷ್ಟು ಅಂತ ಸುಧಾರಿಸಬೇಕು? 1,500ರವನು 1,900 ಮಾಡುವುದು ಒಂದು ಕಷ್ಟ, 2,800ರವನು 2,900 ಮಾಡುವುದು ಬೇರೆಯೇ ಕಷ್ಟ.

ಹಾಗಾಗಿ ನಾನು ಕೊನೆಗೆ ಮುಟ್ಟಿದ್ದು ಒಂದೇ ಕಡೆ. ಅಳೆಯಿರಿ, ಆದರೆ ಅಳತೆಗೆ ಮಾರ್ಕು ಹಾಕಬೇಡಿ. ಕ್ಲಾಸಿಗೆ ಬಂದದ್ದಕ್ಕೆ ಹಾಕಿ, ಟೆಸ್ಟ್ ಮಾಡಿದ್ದಕ್ಕೆ, ಅದನ್ನು ಸರಿಯಾಗಿ ಬರೆದಿಟ್ಟದ್ದಕ್ಕೆ, ಮುಂದೆ ಏನು ಮಾಡುತ್ತೇನೆ ಅಂತ ನಾಲ್ಕು ಸಾಲು ಬರೆದದ್ದಕ್ಕೆ ಹಾಕಿ. ಅಂಕಿ ಮಾತ್ರ ಆ ಹುಡುಗನದ್ದು, ಆ ಹುಡುಗಿಯದ್ದು. ಹೀಗೆ ಮಾಡಿದ ವರ್ಷ ಯಾರೂ ಸುಳ್ಳು ಓಡಲಿಲ್ಲ. ಓಡಿ ಏನು ಲಾಭ?

ಇನ್ನು ನಮ್ಮ ಊರಿನ ಹವೆ. ಇದನ್ನು ದೆಹಲಿಯಲ್ಲಿ ಕೂತು ನಿಯಮ ಮಾಡುವವರಿಗೆ ಯಾರು ಹೇಳುವುದೋ ಗೊತ್ತಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಜುಲೈಯಲ್ಲಿ ಗ್ರೌಂಡು ಗದ್ದೆಯಾಗಿರುತ್ತದೆ. ಮಳೆ ಸ್ವಲ್ಪ ಬಿಟ್ಟಾಗ, ಮೋಡ ಮುಚ್ಚಿದ ತಂಪು ಹೊತ್ತಿನಲ್ಲಿ ಮೊದಲ ಟೆಸ್ಟ್ ಮುಗಿಸುತ್ತೇವೆ. ಕೊನೆಯ ಟೆಸ್ಟ್ ಮಾರ್ಚಿನಲ್ಲಿ, ಅದೂ ಟೈಮ್‌ಟೇಬಲಿನಲ್ಲಿ ಪಿ.ಇ. ಹನ್ನೊಂದೂವರೆಗೆ ಇದೆ ಅಂತ ಹನ್ನೊಂದೂವರೆಗೇ. 33-34 ಡಿಗ್ರಿ ಬಿಸಿಲು, ಜೊತೆಗೆ ನಮ್ಮ ಸಮುದ್ರದ ಸೆಕೆ. ಈ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ, ಮೈ ತಂಪು ಮಾಡಲು ಹೃದಯ ಚರ್ಮಕ್ಕೂ ರಕ್ತ ತಳ್ಳಬೇಕು, ಕಾಲಿಗೂ ತಳ್ಳಬೇಕು, ಹಾಗಾಗಿ ಅಷ್ಟೇ ಓಟಕ್ಕೆ ಬಡಿತ ಜಾಸ್ತಿಯಾಗುತ್ತದೆ. ಎಂಟು ತಿಂಗಳು ಚೆನ್ನಾಗಿ ಅಭ್ಯಾಸ ಮಾಡಿದ ಹುಡುಗಿ ಮೊದಲಿಗಿಂತ ಕಡಿಮೆ ಓಡಿದಳು ಅಂತ ನಾವು ಬರೆಯುತ್ತೇವೆ. ಅಳೆದದ್ದು ಬಿಸಿಲನ್ನು!

ಎರಡೂ ಟೆಸ್ಟ್ ಬೆಳಿಗ್ಗೆ ಎಂಟರ ಒಳಗೆ ಆಗಲಿ. ಒಂದು ದೀಪಾವಳಿ ಕಳೆದ ಮೇಲೆ, ಇನ್ನೊಂದು ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಮಾಡಲೇಬೇಕು ಅಂದರೆ ಸಭಾಂಗಣದ ಕುರ್ಚಿ ಸರಿಸಿ 20 ಮೀಟರಿನ ಶಟಲ್ ಓಟ ಇಡಬಹುದು, ಬೀಪ್ ಟೆಸ್ಟ್ ಅನ್ನುತ್ತಾರಲ್ಲ, ಅದು. ಬೀಪ್ ಆಗುವುದರೊಳಗೆ ಆಚೆ ಗೆರೆ ಮುಟ್ಟಬೇಕು, ನಿಮಿಷಕ್ಕೊಮ್ಮೆ ವೇಗ ಏರುತ್ತದೆ. ಆದರೆ ಅದರಲ್ಲಿ ನಿಧಾನದವರು ಮೊದಲು ಹೊರಗೆ ಬಂದು ಗೋಡೆಗೆ ಒರಗಿ ನಿಲ್ಲಬೇಕು, ಎಲ್ಲರೂ ನೋಡುತ್ತಾರೆ. 1,600 ಮೀಟರ್ ಓಡಿಸಿ ಟೈಮ್ ಹಿಡಿದರೆ ಅದರ ಉಲ್ಟಾ. ಎಲ್ಲರೂ ಮುಗಿಸಿ ನೀರು ಕುಡಿಯುವಾಗ ಒಬ್ಬ ದಪ್ಪ ಹುಡುಗ ಮಾತ್ರ ಒಂಟಿಯಾಗಿ ಓಡುತ್ತಿರುತ್ತಾನೆ, ಉಳಿದವರು ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆ ಎಂಥದ್ದು ಅಂತ ಅವನಿಗೆ ಗೊತ್ತಿರುತ್ತದೆ. 12 ನಿಮಿಷದ ಓಟದಲ್ಲಿ ನನಗೆ ಇಷ್ಟವಾಗುವುದು ಇದೇ. ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಯಾರು ಎಷ್ಟನೇ ರೌಂಡಿನಲ್ಲಿದ್ದಾರೆ ಅಂತ ದೂರದಿಂದ ನೋಡಿದರೆ ಗೊತ್ತಾಗುವುದೇ ಇಲ್ಲ.

ಅಂಕಿಗೆ ನಾವು ಮರುಳಾಗುವುದು ಹೊಸದಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರಲ್ಲ, ಕೆಲವೇ ದಿನದಲ್ಲಿ ದೇಶವಿಡೀ ಒಂದೇ ಗಲಾಟೆ. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಅಂದರು. ಗೌಡರ ಕಾಲಿನ ಬಲದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಂದು ಕೆಸರು, ಮುಂದೆ ಎಳೆಯುವ ಜೋಡಿ ಕೋಣ. ಇನ್ನೊಂದು ಸಿಂಥೆಟಿಕ್ ಟ್ರ್ಯಾಕ್, ನಿಂತಲ್ಲಿಂದ ಒಬ್ಬನೇ ಓಡುವುದು. ಎರಡನ್ನೂ ಒಂದೇ ಪಟ್ಟಿಗೆ ಹಾಕಲು ಆಗುತ್ತದಾ? ಆಗುವುದಿಲ್ಲ ಅಂತ ಅವರೇ ಹೇಳಿದರು, ಟ್ರಯಲ್‌ಗೆ ಕರೆದಾಗ ಹೋಗಲಿಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷ ಇದೇ ಭಾಗಾಕಾರ ನಡೆಯುತ್ತದೆ.

ತೂಕದ ವಿಷಯಕ್ಕೆ ಬರುತ್ತೇನೆ. ಬಿ.ಎಂ.ಐ. ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ಅದಕ್ಕೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಅಂತ ಗೊತ್ತಿಲ್ಲ. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ನಮ್ಮ ಕಬಡ್ಡಿ ಟೀಮಿನ ಕಾರ್ನರ್ ಹುಡುಗ 172 ಸೆ.ಮೀ. ಎತ್ತರ, 78 ಕೆ.ಜಿ., ಅಂದರೆ 26ರ ಮೇಲೆ. ಅವನ ಕಾಲು ಹಿಡಿತಕ್ಕೆ ಸಿಕ್ಕಿದವರನ್ನು ಕೇಳಬೇಕು ಬೊಜ್ಜು ಎಲ್ಲಿದೆ ಅಂತ. ಇನ್ನೊಬ್ಬ ಯಕ್ಷಗಾನದವನಿದ್ದ. ಪುಷ್‌ಅಪ್ ಹತ್ತು ತೆಗೆಯಲಾರ, ಕಳಪೆಯೇ. ಆದರೆ ರಾತ್ರಿ ಮೇಳದಲ್ಲಿ ವೇಷ ಕಟ್ಟಿ, ಅಷ್ಟು ಭಾರ ಹೊತ್ತು ಧೀಂಗಿಣ (ಗಿರ್ರನೆ ಸುತ್ತುತ್ತಾ ಹಾರುವ ಕುಣಿತ) ಹೊಡೆಯುತ್ತಿದ್ದ. ಧೀಂಗಿಣ ಎಣಿಸುವ ಟೆಸ್ಟ್ ಯಾವ ಪುಸ್ತಕದಲ್ಲೂ ಇಲ್ಲ. ತೂಕ ನೋಡಬೇಡಿ ಅನ್ನುತ್ತಿಲ್ಲ. ಮಿಷನ್ನನ್ನು ಕೋಣೆಯೊಳಗೆ ಇಡಿ, ಅವರೇ ನೋಡಿಕೊಂಡು ಅವರೇ ಬರೆದುಕೊಳ್ಳಲಿ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಹಾಗೆಯೇ ಹುಡುಗಿಯೊಬ್ಬಳು 'ಇವತ್ತು ಬೇಡ ಸರ್, ಮುಂದಿನ ವಾರ' ಅಂದರೆ ಯಾಕೆ ಅಂತ ಕೇಳಬೇಡಿ. ಮೊದಲ ದಿನವೇ ಉಬ್ಬಸ ಇದೆಯಾ, ಹೃದಯದ ತೊಂದರೆ ಇದೆಯಾ ಅಂತ ಮಾತ್ರ ಮರೆಯದೆ ಕೇಳಿ.

ಸಾವಿರ ಮಕ್ಕಳಿಗೆ ಒಬ್ಬ ಪಿ.ಡಿ., ಇದೆಲ್ಲ ಮಾಡಲು ಆಗುತ್ತದಾ ಅಂತ ಕೇಳುತ್ತಾರೆ. ಆಗುತ್ತದೆ, ಮಕ್ಕಳೇ ಮಾಡುತ್ತಾರೆ. ಜೋಡಿ ಮಾಡಿ. ಒಬ್ಬರು ಓಡುವುದು, ಇನ್ನೊಬ್ಬರು ಮರದ ಕೆಳಗೆ ಕೂತು ಒಂದೊಂದು ರೌಂಡಿಗೂ ಒಂದೊಂದು ಬೆಂಕಿಕಡ್ಡಿ ಆಚೆ ಇಡುವುದು. ಸೀಟಿ ಊದಿದ ಮೇಲೆ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಬಡಿತ ಎಣಿಸಿ ನಾಲ್ಕರಿಂದ ಗುಣಿಸುವುದು. ಒಂದು ಬಡಿತ ತಪ್ಪಿದರೆ ನಾಲ್ಕು ತಪ್ಪಿದ ಹಾಗೆ, ಹಾಗಾಗಿ ಮೊದಲು ಕೂತಲ್ಲೇ ಎಣಿಸಿ ಅಭ್ಯಾಸ ಮಾಡಿಸಬೇಕು. ಓಡಲು ಒಲ್ಲದವರಿಗೆ ಮೆಟ್ಟಿಲು ಸಾಕು. ಮೂರು ನಿಮಿಷ ಒಂದೇ ತಾಳಕ್ಕೆ ಹತ್ತಿ ಇಳಿದು, ಆಮೇಲೆ ಬಡಿತ ಎಷ್ಟಿದೆ ಅಂತ ಬರೆಯುವುದು. ತಿಂಗಳು ಕಳೆದು ಅದೇ ಮೆಟ್ಟಿಲು, ಅದೇ ತಾಳ. ಬಡಿತ ಕಡಿಮೆಯಾಗಿದ್ದರೆ ಒಳ್ಳೆಯದಾಗಿದೆ ಅಂತ ಅರ್ಥ. ತಂಗಿಯ ಮಗಳಿಗೆ ನಮ್ಮ ಜಗಲಿಯ ಮೆಟ್ಟಿಲಲ್ಲೇ ಇದನ್ನು ತೋರಿಸಿದೆ. ಮೊದಲು ನಗಾಡಿದಳು, ಆಮೇಲೆ ಹತ್ತಿ ಇಳಿದಳು, ಬೆರಳಿಟ್ಟು ಎಣಿಸಿದಳು, ಮೊಬೈಲಿನಲ್ಲಿ ಬರೆದುಕೊಂಡಳು. ಎಷ್ಟು ಅಂತ ನಾನು ಕೇಳಲಿಲ್ಲ.

2019ರ ಆಗಸ್ಟ್ 29ರಂದು ಕೇಂದ್ರ ಸರಕಾರದ ಫಿಟ್ ಇಂಡಿಯಾ ಅಭಿಯಾನ ಶುರುವಾದ ಮೇಲೆ ಶಾಲೆಗಳಲ್ಲಿ 50 ಮೀಟರ್, 600 ಮೀಟರ್ ಓಟ, ಕೂತು ಮುಂದೆ ಬಾಗುವುದು, ಪುಷ್‌ಅಪ್ ಎಲ್ಲ ಆ್ಯಪ್‌ಗೆ ಹಾಕುವ ಕ್ರಮ ಬಂದಿದೆ. ಒಳ್ಳೆಯದೇ. ಆದರೆ ಆ್ಯಪ್‌ಗೆ ಹೋದ ಅಂಕಿ ಮಗುವಿನ ಕೈಗೆ ತಿರುಗಿ ಬರುತ್ತದಾ? ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಕಾಲೇಜುಗಳು ಇಷ್ಟು ಮಾಡಿದರೆ ಸಾಕು. ಸೇರಿದ ದಿನ ಟೆಸ್ಟಿನ ಅಂಕಿ ಬರೆದುಕೊಳ್ಳಲು ಒಂದು ಕಾರ್ಡು ಕೊಡಲಿ, ಆರು ಸೆಮಿಸ್ಟರಿಗೂ ಅದೇ ಕಾರ್ಡು, ಹೊರಡುವ ದಿನ ಟಿ.ಸಿ. ಜೊತೆ ಅದನ್ನೂ ಕೊಟ್ಟು ಕಳಿಸಲಿ. ವಿಶ್ವವಿದ್ಯಾಲಯ ಪಿ.ಇ.ಗೆ ಮಾರ್ಕು ಇಟ್ಟರೆ ಪಟ್ಟಿ ನೋಡಿ ಹಾಕುವ ಮಾರ್ಕು ಬೇಡ.

ನಾನು ಮಾಡಿಸಿದ್ದ ಕಾರ್ಡು ಒಂದೇ ಪುಟದ್ದು, ಹಿಂದೆ ಮುಂದೆ ಅಚ್ಚು. ನನ್ನ ಹತ್ತಿರ ಇನ್ನೂ ನಾಲ್ಕೈದು ಉಳಿದಿವೆ. ಬೇಕಾದ ಪಿ.ಡಿ.ಗಳು ಬೆಳಿಗ್ಗೆ ಆರರಿಂದ ಏಳರ ಒಳಗೆ ಅಜ್ಜರಕಾಡು ಮೈದಾನಕ್ಕೆ ಬನ್ನಿ, ಹಳದಿ ಟೊಪ್ಪಿ ಹಾಕಿ ನಿಧಾನಕ್ಕೆ ನಡೆಯುವ ಮುದುಕ ನಾನೇ. ಜೆರಾಕ್ಸ್ ಮಾಡಿಸಿ ತಿರುಗಿ ಕೊಡಿ.

— ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಉಡುಪಿ