ನಕಲಿನ ದೂರುಗಳ ವಿಚಾರಣೆ: ಮುಂದಿನ ತಿಂಗಳಿನಿಂದ ಬದಲಾವಣೆ

ಮಾನ್ಯ ಗ್ರಾಹಕರೇ,

ಹವ್ಯಾಸಿಗಳೇ ಸೇರಿ ನಡೆಸುವ ನಮ್ಮ ಕ್ರೋಶಾ (ಕೊಕ್ಕೆಸೂಜಿ ಹೆಣಿಗೆ) ಸಹಕಾರ ಸಂಘದಲ್ಲಿ ಯಾವುದಾದರೂ ಪ್ಯಾಟರ್ನ್ (ಹೆಣೆಯುವ ಕ್ರಮವನ್ನು ಹಂತಹಂತವಾಗಿ ತಿಳಿಸುವ ಬರಹ) ಮೇಲೆ ಕೃತಿಚೌರ್ಯದ ದೂರು ಬಂದರೆ, ಅದನ್ನು ಅಂದೇ ಮಾರಾಟದಿಂದ ತೆಗೆದು, ರಚಿಸಿದವರ ಹೆಸರಿನ ಮುಂದೆ 'ವಿವಾದದಲ್ಲಿದೆ' ಎಂದು ಪ್ರಕಟಿಸುವ ಪದ್ಧತಿ ಇದುವರೆಗೆ ಇತ್ತು. ಮುಂದಿನ ತಿಂಗಳಿನಿಂದ ಅದನ್ನು ಕೈಬಿಡುತ್ತಿದ್ದೇವೆ. ತೀರ್ಮಾನವಾಗುವವರೆಗೆ ಪ್ಯಾಟರ್ನ್ ಮಾರಾಟದಲ್ಲೇ ಇರುತ್ತದೆ. ದೂರು ಕೊಟ್ಟವರ ಹೆಸರಾಗಲಿ, ದೂರಿಗೆ ಗುರಿಯಾದವರ ಹೆಸರಾಗಲಿ ಹೊರಬೀಳುವುದಿಲ್ಲ.

ಗೊಂಬೆಯೊಂದರ ತಲೆಯ ಭಾಗ ಪ್ರತಿ ಸುತ್ತಿನಲ್ಲೂ ಇನ್ನೊಂದು ಪ್ಯಾಟರ್ನ್‌ನಲ್ಲಿರುವಂತೆಯೇ ಇದೆ ಎಂಬ ದೂರನ್ನು ನಂಬಿ ನಾವು ಸದಸ್ಯರೊಬ್ಬರ ಪ್ಯಾಟರ್ನ್ ತೆಗೆದುಹಾಕಿದ್ದೆವು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ್ದು ಆಮೇಲೆ. ಮೊದಲ ಸುತ್ತಿನಲ್ಲಿ 6 ಸ್ಟಿಚ್ (ಹೆಣಿಗೆಯ ಕುಣಿಕೆ), ನಂತರದ ಸುತ್ತುಗಳಲ್ಲಿ 12, 18, 24: ಸಿಂಗಲ್ ಕ್ರೋಶಾ ಎಂಬ ಸರಳ ಹೆಣಿಗೆಯಲ್ಲಿ ಚೆಂಡು ಹೆಣೆಯಲು ಕೂತವರೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕ ಹಿಡಿಯುತ್ತಾರೆ, ಏಕೆಂದರೆ ಆರಂಭದ ವೃತ್ತ ಸುಕ್ಕುಗಟ್ಟದೆ ಸಪಾಟಾಗಿ ಹರಡಲು ಪ್ರತಿ ಸುತ್ತಿನಲ್ಲೂ ಸುಮಾರು ಆರು ಸ್ಟಿಚ್ ಹೆಚ್ಚಬೇಕು. ಇದಲ್ಲದೆ ಬೇರೇನೂ ಹೊಂದಿಕೆಯಾಗಲಿಲ್ಲ. ನಾವು ಕ್ಷಮೆ ಕೇಳುವಷ್ಟರಲ್ಲಿ ಆ ಸದಸ್ಯರು ಸಂಘ ಬಿಟ್ಟಿದ್ದರು. ಮರಳಿ ಬನ್ನಿ ಎಂದು ಒತ್ತಾಯಿಸುವ ಮುಖ ನಮಗಿರಲಿಲ್ಲ.

ಕಲ್ಪನೆ, ವಿಧಾನ, ಗಣಿತದ ಪರಿಕಲ್ಪನೆಗಳಿಗೆ ಹಕ್ಕುಸ್ವಾಮ್ಯವಿಲ್ಲ, ಅವುಗಳ ಅಭಿವ್ಯಕ್ತಿಗೆ ಮಾತ್ರ ಇದೆ ಎಂದು ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1994ರ ಟ್ರಿಪ್ಸ್‌ನ 9ನೇ ವಿಧಿಯೇ ಹೇಳುತ್ತದೆ. ಆದ್ದರಿಂದ ಇನ್ನು ನಾವು ನೋಡುವುದು ವಿವರಣೆಯ ವಾಕ್ಯಗಳನ್ನು, ನಕ್ಷೆಗಳನ್ನು, ಚಿತ್ರಗಳನ್ನು, ಕರಡುಗಳನ್ನು ಮತ್ತು ಮುಖ್ಯವಾಗಿ ತಪ್ಪುಗಳನ್ನು. ಒಂದು ಪ್ಯಾಟರ್ನ್‌ನಲ್ಲಿ 30 ಎಂದಿರಬೇಕಾದ ಕಡೆ 36 ಎಂದು ಬಿದ್ದ ತಪ್ಪು ಎಣಿಕೆ ಇನ್ನೊಂದರ ಅದೇ ಸುತ್ತಿನಲ್ಲೂ ಕಾಣಿಸಿದರೆ, ಅದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ದೂರಿಗೆ ಉತ್ತರಿಸಲು ಹತ್ತು ದಿನಗಳ ಅವಕಾಶವಿರುತ್ತದೆ. ಪರಿಶೀಲಿಸುವ ಇಬ್ಬರೂ ಸಂಬಳವಿಲ್ಲದ ಸ್ವಯಂಸೇವಕರು, ತಮ್ಮ ಕೆಲಸ ಮುಗಿಸಿ ಬಂದು ಕೂರುವವರು. ಹಾಗಾಗಿ ಒಟ್ಟು ಮೂರು ವಾರ ಹಿಡಿಯಬಹುದು. ನಿಜವಾಗಿಯೂ ನಕಲಾದ ಪ್ಯಾಟರ್ನ್ ಅಷ್ಟು ದಿನ ಮಾರಾಟದಲ್ಲಿ ಉಳಿದುಬಿಡುವ ಸಂಭವವಿದೆ ಎಂಬುದನ್ನು ಒಪ್ಪಿಕೊಂಡೇ ಈ ನಿರ್ಧಾರಕ್ಕೆ ಬಂದಿದ್ದೇವೆ. ಆ ಅವಧಿಯ ಮಾರಾಟದ ಹಣವನ್ನು ಯಾರಿಗೂ ಪಾವತಿಸದೆ ಬೇರೆಯಾಗಿ ಇರಿಸುತ್ತೇವೆ. ನಕಲು ಸಾಬೀತಾದರೆ ಅದು ಮೂಲ ರಚನಾಕಾರರಿಗೆ ಸೇರುತ್ತದೆ. ಸಾಬೀತಾಗದಿದ್ದರೆ 'ಸಾಬೀತಾಗಿಲ್ಲ' ಎಂದಷ್ಟೇ ಇಬ್ಬರಿಗೂ ತಿಳಿಸುತ್ತೇವೆ, ದೂರು ಕೊಟ್ಟವರನ್ನು ಸುಳ್ಳುಗಾರರೆನ್ನುವುದಿಲ್ಲ.

ನೀವು ಈಗಾಗಲೇ ಕೊಂಡಿರುವ ಪ್ಯಾಟರ್ನ್‌ಗಳು ನಿಮ್ಮಲ್ಲೇ ಉಳಿಯುತ್ತವೆ. ನಕಲೆಂದು ತೀರ್ಮಾನವಾದುದನ್ನು ಹಿಂದಿರುಗಿಸಬಯಸುವವರಿಗೆ ಸಂಘದ ನಿಧಿಯಿಂದ ಪೂರ್ಣ ಹಣ ಮರಳಿಸಲಾಗುವುದು.

ಇಂತಿ,
ವ್ಯವಸ್ಥಾಪಕ ಸಮಿತಿಯ ಪರವಾಗಿ,
ಕಾರ್ಯದರ್ಶಿ