ನಾಲ್ಕೇ ವರ್ಷಕ್ಕೆ ದಡ ಮುಟ್ಟಿಸಿದವರಿಗೆ

ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ-ನಿಯಮಗಳಲ್ಲಿ, ಓದಿದ ನಮ್ಮ ಕಂಪ್ಯೂಟರ್ ಸೈನ್ಸ್ ಬ್ಯಾಚಿನ ಎಂಟನೇ ಸೆಮಿಸ್ಟರ್ ಫಲಿತಾಂಶ ಬಂದಿದೆ. ಬಿ.ಇ. ಸರ್ಟಿಫಿಕೇಟಿನ ಮೇಲೆ ನಮ್ಮ ಹೆಸರಿರುತ್ತದೆ. ನಾಲ್ಕು ವರ್ಷದ ಓದು ಐದಾರು ವರ್ಷಕ್ಕೆ ಎಳೆಯದಂತೆ ಕಾದವರ ಹೆಸರು ಎಲ್ಲೂ ಇರುವುದಿಲ್ಲ. ಅವರಿಗೆ ಬರೀ 'ಥ್ಯಾಂಕ್ಸ್' ಅಂದು ಕೈತೊಳೆದುಕೊಂಡರೆ ಸಾಲದು. ಯಾರು ಏನು ಮಾಡಿದರು ಅಂತ ಲೆಕ್ಕ ಸಮೇತ ಬರೆದರೆ ಹಿಂದೆ ಬರುವವರಿಗೂ ಪ್ರಯೋಜನ.

ಮೊದಲು ನಮ್ಮ ಪ್ರಾಕ್ಟರ್ (ವಿದ್ಯಾರ್ಥಿಗಳ ಮೇಲ್ವಿಚಾರಕಿ) ಮೇಡಂಗೆ. ಪ್ರತಿ ವಿಷಯಕ್ಕೂ ಇಷ್ಟು ಕ್ರೆಡಿಟ್ ಅಂತ ತೂಕವಿರುತ್ತದೆ; ಡಿಗ್ರಿಗೆ ಬೇಕಾದದ್ದು ಒಟ್ಟು 160 ಕ್ರೆಡಿಟ್, ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಬಂದವರಿಗೆ 120. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಮೇಡಂ ಸ್ಕೀಮ್ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಟ್ಟದ್ದು ಸೊನ್ನೆ ಕ್ರೆಡಿಟ್ಟಿನ ಸಾಲುಗಳಿಗೆ. ಮೂರರಿಂದ ಆರನೇ ಸೆಮಿಸ್ಟರಿನವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ ಅಥವಾ ಯೋಗ ಇರುತ್ತದೆ. ಕ್ರೆಡಿಟ್ ಇಲ್ಲ, ಸಿಜಿಪಿಎಗೆ (ಒಟ್ಟಾರೆ ಗ್ರೇಡ್ ಸರಾಸರಿಗೆ) ಸೇರುವುದಿಲ್ಲ, ಆದರೆ ಮುಗಿಸದೆ ಡಿಗ್ರಿ ಇಲ್ಲ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಕೇಳುವ, ಕ್ಲಾಸಿನ ಹೊರಗಿನ ಸಾಮಾಜಿಕ ಕೆಲಸಗಳಿಗೆ ಸಿಗುವ ಆಕ್ಟಿವಿಟಿ ಪಾಯಿಂಟ್‌ಗಳ ಕಥೆಯೂ ಅದೇ: ಮೊದಲ ವರ್ಷಕ್ಕೆ ಸೇರಿದವರಿಗೆ 100, ಡಿಪ್ಲೊಮಾದಿಂದ ಬಂದ ಲ್ಯಾಟರಲ್‌ನವರಿಗೆ 75. ಇಪ್ಪತ್ತು ಪಾಯಿಂಟಿಗೆ ಸುಮಾರು 80 ಗಂಟೆ ಕೆಲಸ ಬೇಕು. ಹಾಗಾಗಿ ಕೊನೆಯ ಎರಡು ತಿಂಗಳಲ್ಲಿ ನೂರನ್ನೂ ಮಾಡುತ್ತೇನೆ ಅಂದರೆ ಆಗದ ಮಾತು. ಪಾಯಿಂಟ್ ಕಡಿಮೆಯಿದ್ದರೆ ಎಲ್ಲ ವಿಷಯ ಪಾಸಾಗಿದ್ದರೂ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಸಿಗುವುದಿಲ್ಲ. ಪ್ರತಿ ವರ್ಷ 25ರಂತೆ ಮುಗಿಸಿ, ಫೋಟೊ-ವರದಿ-ಸಹಿ ಎಲ್ಲವನ್ನೂ ಆಯಾ ವರ್ಷವೇ ಫೈಲಿಗೆ ಹಾಕಿಸಿದ್ದು ಮೇಡಂ. ಆಗ ಗೊಣಗಿದ್ದಕ್ಕೆ ಕ್ಷಮೆಯಿರಲಿ.

ಪಾಠ ಮಾಡಿದವರೆಲ್ಲರಿಗೂ ನಮಸ್ಕಾರ. ಪಾಸಾಗುವ ಗಣಿತವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ ಸರ್‌ಗೆ ಒಂದು ನಮಸ್ಕಾರ ಹೆಚ್ಚು. ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನಲ್ಲೇ ಸೆಮಿಸ್ಟರ್ ಉದ್ದಕ್ಕೂ ಕೊಡುವ ಅಂಕಗಳಲ್ಲಿ, 50ಕ್ಕೆ ಕನಿಷ್ಠ 20 ಬೇಕು. ಸೆಮಿಸ್ಟರ್ ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ, ಅಲ್ಲಿ ಕನಿಷ್ಠ 18. 'ಇಪ್ಪತ್ತು, ಹದಿನೆಂಟು ಬಂದರೆ ಬಚಾವ್' ಅಂತ ಹಾಸ್ಟೆಲಿನಲ್ಲಿ ಹಬ್ಬಿರುವ ಮಾತು ಸುಳ್ಳು. ಎರಡೂ ಸೇರಿದರೆ 38, ಒಟ್ಟು 40 ಆಗದಿದ್ದರೆ ಎಫ್, ಅಂದರೆ ಫೇಲ್. ಅಂದರೆ ಇಂಟರ್ನಲ್ಸ್ 20 ಇದ್ದವರು ಪತ್ರಿಕೆಯಲ್ಲಿ ನೂರಕ್ಕೆ 40 ತೆಗೆಯಲೇಬೇಕು; 22 ಇದ್ದವರಿಗೆ 35 ಸಾಕು, ಅದರ ಅರ್ಧ 17.5 ಅನ್ನು 18 ಎಂದೇ ಲೆಕ್ಕ ಹಾಕುತ್ತಾರೆ. ಐದು ಮಾಡ್ಯೂಲ್, ಒಂದೊಂದಕ್ಕೂ 20 ಅಂಕ. ಎರಡು ಮಾಡ್ಯೂಲ್ ಓದಿದರೆ 40 ಅನ್ನುವುದು ಬರೀ ಕಾಗದದ ಲೆಕ್ಕ, ಒಂದು ಉಪಪ್ರಶ್ನೆ ಕೈಕೊಟ್ಟರೆ ಮುಗಿಯಿತು. ಮೂರನ್ನು ಪೂರ್ತಿ ಓದಿ ಎಂದ ಸರ್ ಮಾತೇ ಸರಿ.

ಅವರೇ ಹೇಳುತ್ತಿದ್ದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಸೆಮಿಸ್ಟರ್ ಪರೀಕ್ಷೆಯಲ್ಲಿ ಫೇಲಾದರೆ ಇಂಟರ್ನಲ್ಸ್ ಅಂಕ ಹಾಗೇ ಉಳಿಯುತ್ತದೆ, ಮತ್ತೆ ಪರೀಕ್ಷೆ ಕಟ್ಟಿದರಾಯಿತು. ಇಂಟರ್ನಲ್ಸ್‌ನಲ್ಲೇ 20 ಆಗದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಆ ವಿಷಯ ಮತ್ತೆ ನಡೆಯುವಾಗ ಹೊಸದಾಗಿ ರಿಜಿಸ್ಟರ್ ಆಗಿ ಕ್ಲಾಸಿಗೆ ಕೂರಬೇಕು. ಮೂರನೇ ಸೆಮಿಸ್ಟರಿನ ವಿಷಯ ಮರುವರ್ಷದ ಮೂರನೇ ಸೆಮಿಸ್ಟರಿಗೇ ಬರುವುದು, ಅಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಓದಲು ಸಮಯ ಕಡಿಮೆಯಿದ್ದಾಗ ಮೊದಲು ಇಂಟರ್ನಲ್ಸ್ ಉಳಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಲ್ಯಾಬಿನ ಇನ್‌ಸ್ಟ್ರಕ್ಟರ್‌ಗಳನ್ನು ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ. ಆಪರೇಟಿಂಗ್ ಸಿಸ್ಟಮ್ಸ್‌ನಂಥ ನಾಲ್ಕು ಕ್ರೆಡಿಟ್ಟಿನ ಇಂಟಿಗ್ರೇಟೆಡ್ (ಥಿಯರಿ-ಲ್ಯಾಬ್ ಒಟ್ಟಿಗಿರುವ) ವಿಷಯಗಳಲ್ಲಿ ಲ್ಯಾಬಿಗೆ ಬೇರೆ ಸೆಮಿಸ್ಟರ್ ಪರೀಕ್ಷೆ ಇಲ್ಲ. ಇಂಟರ್ನಲ್ಸ್‌ನ 50ರಲ್ಲಿ 25 ಥಿಯರಿಗೆ, 25 ಲ್ಯಾಬಿಗೆ, ಎರಡರಲ್ಲೂ ಬೇರೆಬೇರೆಯಾಗಿ ಕನಿಷ್ಠ 10 ಬರಬೇಕು. ಥಿಯರಿಯಲ್ಲಿ 22 ಬಂದು ರೆಕಾರ್ಡ್ (ಲ್ಯಾಬ್ ಪ್ರಯೋಗಗಳ ಪುಸ್ತಕ) ಬರೆಯದೆ ಲ್ಯಾಬಿನಲ್ಲಿ 8 ಬಂದರೆ ಒಟ್ಟು 30 ಇದ್ದೂ ಪ್ರಯೋಜನವಿಲ್ಲ. ರೆಕಾರ್ಡನ್ನು ವಾರವಾರ ತಿದ್ದಿ ಸಹಿ ಹಾಕಿದ ಆ ಕೈಗಳು ಎಷ್ಟು ಜನರ ವರ್ಷ ಉಳಿಸಿದವೋ!

ಪರೀಕ್ಷಾ ವಿಭಾಗದ ಕೌಂಟರಿನಲ್ಲಿ ಕೂತ ಅಣ್ಣನಿಗೂ ಋಣಿ. ಹಾಜರಾತಿ 85 ಪರ್ಸೆಂಟ್ ಎಂದರೆ 40 ಗಂಟೆಯ ವಿಷಯದಲ್ಲಿ ತಪ್ಪಿಸಬಹುದಾದದ್ದು ಆರೇ ಗಂಟೆ ಎಂದು ಅವರು ಬೆರಳೆಣಿಸಿ ಹೇಳುತ್ತಿದ್ದರು. ಮರುಮೌಲ್ಯಮಾಪನಕ್ಕೆ ಹಾಕಿದವರಿಗೆ, ಅದರ ಫಲಿತಾಂಶ ಕಾಯುತ್ತ ಕೂರಬೇಡಿ, ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯದ ಮರುಪರೀಕ್ಷೆ) ಫಾರ್ಮನ್ನೂ ಜೊತೆಗೇ ತುಂಬಿ ಎಂದದ್ದೂ ಅವರೇ. ಒಂದರ ಉತ್ತರ ಬರುವ ಮುಂಚೆ ಇನ್ನೊಂದರ ಕೊನೇ ದಿನಾಂಕ ಮುಗಿದುಹೋಗಬಹುದು. ಶುಲ್ಕ ದಂಡವಾದರೂ ಚಿಂತೆಯಿಲ್ಲ.

ಇನ್ನು ಸೀನಿಯರ್ ಅಕ್ಕ-ಅಣ್ಣಂದಿರು. ಏಳನೇ ಸೆಮಿಸ್ಟರಿನಲ್ಲಿ 24 ಕ್ರೆಡಿಟ್, ಅದರಲ್ಲಿ ಪ್ರಾಜೆಕ್ಟಿಗೇ 6. ಎಂಟರಲ್ಲಿ 16: ಇಂಟರ್ನ್‌ಶಿಪ್‌ಗೆ 10, ಎರಡು ಆನ್‌ಲೈನ್ ಕೋರ್ಸಿಗೆ ತಲಾ 3. 'ಕೊನೇ ಸೆಮಿಸ್ಟರ್ ಆರಾಮು' ಅನ್ನುವವರು ಎಡವುವುದು ಈ ಮೂರು-ಮೂರರಲ್ಲೇ. ಆ ಆನ್‌ಲೈನ್ ಕೋರ್ಸುಗಳನ್ನು ನಾವು ಮಾಡಿದ್ದು ಐಐಟಿಗಳು ನಡೆಸುವ ಎನ್‌ಪಿಟೆಲ್‌ನಲ್ಲಿ. ಎನ್‌ಪಿಟೆಲ್ ಕೋರ್ಸಿಗೆ ಸೇರುವುದು ಉಚಿತ, ಆದರೆ ಪರೀಕ್ಷೆಗೆ ಬೇರೆಯಾಗಿ ಶುಲ್ಕ ಕಟ್ಟಿ ರಿಜಿಸ್ಟರ್ ಆಗಬೇಕು. ಸೇರಿದ್ದೇವಲ್ಲ ಅಂತ ಸುಮ್ಮನಿದ್ದವರಿಗೆ ಹಾಲ್ ಟಿಕೆಟ್ ಬರುವುದಿಲ್ಲ. ಹನ್ನೆರಡು ವಾರದ ಕೋರ್ಸೇ ಆಗಬೇಕು, ಅದೂ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಇರಬೇಕು. ಹನ್ನೆರಡು ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಬಂದ ಎಂಟರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪಾಸಾಗಲು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30. ಜನವರಿಯ ಸರದಿಯಲ್ಲಿ ತಪ್ಪಿದರೆ ಮುಂದಿನದು ಜುಲೈಗೆ, ಅಷ್ಟರಲ್ಲಿ ಕಂಪನಿಯವರು ಮಾರ್ಕ್ಸ್ ಕಾರ್ಡ್ ಕೇಳುತ್ತಿರುತ್ತಾರೆ. ಪರೀಕ್ಷೆಯ ಊರನ್ನು ಆರಿಸುವಾಗ ಕಾಲೇಜಿನ ಊರು ಹಾಕಬೇಡಿ, ಇಂಟರ್ನ್‌ಶಿಪ್ ಇರುವ ಊರು ಹಾಕಿ ಎಂದ ಅಕ್ಕನಿಗೆ ಒಂದು ಮಸಾಲೆದೋಸೆ ಬಾಕಿಯಿದೆ.

ಡಿಪ್ಲೊಮಾದಿಂದ ಬಂದವರಿಗೆ ಮೂರನೇ ಸೆಮಿಸ್ಟರಿನ ಸಂಭವನೀಯತೆ, ಮಾರ್ಕೊವ್ ಸರಪಣಿಗಳ ಮುಂದೆ ಕಣ್ಣು ಕತ್ತಲೆ ಬಂದಾಗ ಸಂಜೆ ಕೂತು ಇಂಟಿಗ್ರೇಷನ್ನಿನಿಂದಲೇ ಶುರುಮಾಡಿ ಹೇಳಿಕೊಟ್ಟ ಗೆಳೆಯ-ಗೆಳತಿಯರಿಗೆ, ಫೀಸ್ ಕಟ್ಟಿದ ಮನೆಯವರಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಅಂಗಡಿ ತೆರೆದಿಟ್ಟ ಜೆರಾಕ್ಸಿನ ಅಣ್ಣನಿಗೆ ಕೈಮುಗಿಯುತ್ತೇವೆ. ಬ್ಯಾಕ್‌ಲಾಗ್ ಉಳಿದಿರುವ ನಮ್ಮವರೇ, ಎಂಟು ವರ್ಷದವರೆಗೆ ಅವಕಾಶವಿದೆ, ಲ್ಯಾಟರಲ್‌ನವರಿಗೆ ಆರು. ನಮ್ಮ ನೋಟ್ಸೆಲ್ಲ ಸೆಮಿಸ್ಟರ್‌ವಾರು ಕಟ್ಟು ಕಟ್ಟಿ ಅದೇ ಅಂಗಡಿಯಲ್ಲಿ ಇಟ್ಟಿದ್ದೇವೆ. ಮೇಡಂ ಕೆಂಪು ಗುರುತು ಹಾಕಿದ ಸ್ಕೀಮ್ ಹಾಳೆ ಎಲ್ಲಕ್ಕಿಂತ ಮೇಲಿದೆ.